ಮಾದರಿ ಒಂದು, ಮಾಲು ಒಂದು

ಫೆಬ್ರವರಿ 3, ಸೋಮವಾರ

ಈ ಪುಸ್ತಕದಲ್ಲಿ ಮುಂದಿನಿಂದ ವೈನಿನ ಟಿಪ್ಪಣಿ, ಹಿಂದಿನಿಂದ ನಾನು. ನಡುವೆ ಎಲ್ಲಾದರೂ ಡಿಕ್ಕಿ ಹೊಡೆದರೆ ಆಗ ಹೊಸ ಪುಸ್ತಕ ಕೇಳಿದರಾಯಿತು.

ಇವತ್ತು ಕೆಲಸ ಶುರು. ಯಜಮಾನರಿಗೆ ಒಂಬತ್ತು ಅಂಗಡಿ. ಒಂಬತ್ತರಲ್ಲೂ ವರ್ಷವಿಡೀ ಮಾರಲು ಸ್ಪೇನಿನ ಒಂದು ಕೆಂಪು ವೈನ್ ಬೇಕಂತೆ, ಅಂಗಡಿಯದೇ ಹೆಸರಿನಲ್ಲಿ. ಅಗ್ಗದ್ದಿರಬೇಕು, ಅಗ್ಗ ಅನ್ನಿಸಬಾರದು. "ಭಾನುವಾರದ ಊಟಕ್ಕೆ ಒಂದು ಬಾಟಲಿ ಒಯ್ದವರು ಮುಂದಿನ ಭಾನುವಾರ ಅದನ್ನೇ ಕೇಳ್ಕೊಂಡು ಬರಬೇಕು ಮೇಡಂ," ಅಂದರು. ನಲವತ್ತೆರಡು ಮಾದರಿ ಬಂದಿವೆ, ಒಂದೊಂದರದು ನಾಲ್ಕು ಬಾಟಲಿ. ಮೂರು ವಾರದೊಳಗೆ ಒಂದನ್ನು ಆರಿಸಬೇಕು. ಬಾಟಲಿಯ ಹಿಂದಿನ ಚೀಟಿಯಲ್ಲಿ ಆರಿಸಿದವಳ ಹೆಸರು, ಸಹಿ. ಹತ್ತೊಂಬತ್ತು ವರ್ಷ ರುಚಿ ನೋಡುವ ಈ ಕೋಣೆಯಲ್ಲಿ ವೈನು ಬಾಯಿಗೆ ಹಾಕಿಕೊಂಡು ಉಗಿದಿದ್ದೇನೆ. ಯಾವ ಬಾಟಲಿಯ ಮೇಲೂ ನನ್ನ ಹೆಸರು ಬಂದಿಲ್ಲ. ಖುಷಿಯಾಗಬೇಕಿತ್ತು. ಮುಂದೆ ಆಗುತ್ತದೋ ಏನೋ.

ಆರು ಮುಗಿಸಿದೆ. ಒಂದರಿಂದ ಐದಕ್ಕೆ ಹತ್ತರಲ್ಲಿ ಐದರ ಮೇಲೆ ಕೊಡಲು ಮನಸ್ಸಾಗಲಿಲ್ಲ. ಆರನೆಯದಕ್ಕೆ ಆರು. ಕಪ್ಪು ಚೆರ್ರಿ, ವೆನಿಲಾ, ಲಘು ಮಸಾಲೆ. ಕೈ ತಾನಾಗಿಯೇ ಬರೆಯುತ್ತದೆ.

ಮಧ್ಯಾಹ್ನ ಅವನ ಫೋನ್ ಬಂತು. ಹದಿನಾಲ್ಕು ತಿಂಗಳ ಹಿಂದೆ ಬಿಟ್ಟು ಹೋದವನು ಈಗ ಫೋನ್ ಮಾಡುವುದು ಅವನ ಅಮ್ಮನ ವಿಷಯಕ್ಕೆ ಮಾತ್ರ. ವಿಚ್ಛೇದನದ ಕಾಗದ ಕೈಗೆ ಬಂದ ವಾರವೇ ಅವರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಅಲುಗಾಡಿಸುವ ಹಾಗಿರಲಿಲ್ಲ. ಹೀಗಾಗಿ ಮಗ ಹೋದ, ತಾಯಿ ಉಳಿದರು. ಈಗ ಅವನ ಹೊಸ ಮನೆಯಲ್ಲಿ ನೆಲಮಹಡಿಯ ಕೋಣೆ ಏಪ್ರಿಲ್ ಕೊನೆಗೆ ಸಿದ್ಧವಾಗುತ್ತದಂತೆ, ಬಂದು ಕರೆದುಕೊಂಡು ಹೋಗುತ್ತಾನಂತೆ. "ಸರಿ," ಅಂದೆ. ಫೋನ್ ಇಟ್ಟ ಮೇಲೆ ಕ್ಯಾಲೆಂಡರ್ ನೋಡಿದೆ. ಎಂಬತ್ತು ದಿನ ಚಿಲ್ಲರೆ.

ಅತ್ತೆ ಅಂತ ಬರೆಯಲು ಕೈ ಬರುವುದಿಲ್ಲ. ಕಾಗದದ ಪ್ರಕಾರ ಅವರು ಈಗ ನನಗೆ ಏನೂ ಅಲ್ಲ. ಅವನ ಅಮ್ಮ, ಅಷ್ಟೆ.

ಫೆಬ್ರವರಿ 6, ಗುರುವಾರ

ಹದಿನೆಂಟು ಮುಗಿದವು. ನಾಲಿಗೆ ಚಪ್ಪಲಿಯ ಅಟ್ಟೆಯಾಗಿದೆ. ಕೆಂಪು ವೈನಿನ ಒಗರು ಒಂದೆರಡು ಲೋಟಕ್ಕಾದರೆ ಸುಖ. ಐದು ದಾಟಿದರೆ ಹಲಸಿನಕಾಯಿ ಸೊನೆ ಮೆತ್ತಿದ ಹಾಗೆ, ತುಟಿ ಒಂದಕ್ಕೊಂದು ಅಂಟುತ್ತದೆ. ಒಣ ಬ್ರೆಡ್ಡು, ನೀರು, ಮತ್ತೆ ಮುಂದಿನದು. ಬಾಟಲಿಗಳಿಗೆಲ್ಲ ಉಗ್ರಾಣದವನು ಕಾಗದದ ಅಂಗಿ ತೊಡಿಸಿ ಸಂಖ್ಯೆ ಬರೆದಿಟ್ಟಿದ್ದಾನೆ, ಯಾವುದು ಯಾರದು ಅಂತ ನನಗೆ ತಿಳಿಯಬಾರದಲ್ಲ. ಅವನ ಸೊಂಟದಲ್ಲಿ ಹನ್ನೆರಡು ಬೀಗದ ಕೈ ಜೋತಾಡುತ್ತವೆ, ಅದಕ್ಕೇ ಬೀಗದಣ್ಣ. ನನಗಿಂತ ಚಿಕ್ಕವನು, ಆದರೂ ಎಲ್ಲರಿಗೂ ಅಣ್ಣನೇ.

ಮನೆಗೆ ಹೋದರೆ ಟೀವಿ ಊರಿಗೆಲ್ಲ ಕೇಳುವಂತೆ. ನನ್ನ ಬಿಳಿ ಅಂಗಿಯ ತೋಳಿನ ಮೇಲಿನ ನೇರಳೆ ಕಲೆ ನೋಡಿ ಅವನ ಅಮ್ಮ ಕೇಳಿದರು, "ಇವತ್ತು ಎಷ್ಟು ಉಗಿದೆ?"

"ಆರು."

"ಸಂಬಳ ಕೊಟ್ಟು ಉಗಿಯೋಕೆ ಹೇಳ್ತಾರೆ ಅಂದ್ರೆ ಪುಣ್ಯ ಮಾಡಿದ್ದೆ ಕಣೇ. ನಮ್ಮ ಕಾಲದಲ್ಲಿ ಸಂಬಳ ಕೊಟ್ಟೋರೇ ನಮಗೆ ಉಗೀತಿದ್ರು."

ನಗು ಬರುತ್ತಿತ್ತು, ತಡೆದುಕೊಂಡೆ. ನಕ್ಕರೆ ಮಾತು ಬೆಳೆಯುತ್ತದೆ, ನನಗೆ ಮಲಗಬೇಕಿತ್ತು.

ಫೆಬ್ರವರಿ 11, ಮಂಗಳವಾರ

ನಿನ್ನೆಯ ಆರರಲ್ಲಿ ಉಳಿದದ್ದನ್ನು ನಿನ್ನೆ ಸಂಜೆಯೇ ಮನೆಗೆ ಹೊತ್ತೊಯ್ದೆ. ಅಗ್ಗದ ವೈನಿನ ನಿಜವಾದ ಪರೀಕ್ಷೆ ಲ್ಯಾಬಿನಂಥ ನಮ್ಮ ಕೋಣೆಯಲ್ಲಿ ಆಗುವುದಿಲ್ಲ, ಅಡುಗೆಮನೆಯಲ್ಲಿ ಆಗುತ್ತದೆ. ಬಿರಡೆ ತೆಗೆದ ಮಾರನೆಯ ದಿನವೂ ನಿಲ್ಲಬೇಕು. ಮೊಟ್ಟೆ, ಆಲೂಗೆಡ್ಡೆಯ ಮುಂದೆ ಸೋಲಬಾರದು.

ಊಟದ ಮೇಜಿನ ಮೇಲೆ ಆರು ಲೋಟ ಇಟ್ಟೆ. ಅವನ ಅಮ್ಮ ಎಂದೂ ಕುಡಿದವರಲ್ಲ. ಕೋಲು ಊರಿಕೊಂಡು ಬಂದು ಕೂತರು. ಏನೂ ಕೇಳದೆ ಒಂದೊಂದೇ ಲೋಟ ಎತ್ತಿ ಮೂಸತೊಡಗಿದರು, ಸಾಲುಮನೆಯ ಬಾಗಿಲು ತಟ್ಟಿಕೊಂಡು ಹೋಗುವವರ ಹಾಗೆ. ನಾಲ್ಕನೆಯದರ ಮುಂದೆ ನಿಂತರು.

"ಇದು ಮುಗ್ಗಲು."

"ಯಾವುದು?"

"ಇದೇ. ಒದ್ದೆ ರಟ್ಟಿನ ಪೆಟ್ಟಿಗೆ. ವಾಪಸ್ ಕಳಿಸು."

ಅದು ಇಪ್ಪತ್ತೇಳನೆಯ ಸಂಖ್ಯೆ. ನಾನು ನಾಲ್ಕು ಕೊಟ್ಟು, 'ಸಪ್ಪೆ, ದಣಿದ ಹಣ್ಣು' ಎಂದು ಗೀಟು ಹೊಡೆದಿದ್ದೆ. ಸಿಟ್ಟು ಬಂತು. ಇವರೇನು ಬಲ್ಲರು? ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತೇಳು ವರ್ಷ ಸಾಮಾನು ಇಳಿಸಿಕೊಳ್ಳುವ ಕೆಲಸ ಮಾಡಿದವರು. ಹಾಲಿನ ಕ್ಯಾನು ಮೂಸಿದ್ದಾರೆ, ಹಿಟ್ಟಿನ ಮೂಟೆಗೆ ಕೈ ಹಾಕಿದ್ದಾರೆ. ಅದೂ ಇದೂ ಒಂದೇನಾ? "ವೈನಿಗೆ ಹಾಗೆಲ್ಲ ವಾಸನೆ ಇರುತ್ತೆ," ಅಂದೆ.

"ಇರುತ್ತೇನೋಪ್ಪ," ಅಂದರು. ಲೋಟವನ್ನು ಮಾತ್ರ ದೂರ ಸರಿಸಿದರು.

ಇವತ್ತು ಬೆಳಿಗ್ಗೆ, ಕಾಫಿಗೆ ಮುಂಚೆ, ಯಾರೂ ನೋಡದಾಗ ಆ ಬಾಟಲಿ ಮೂಸಿದೆ. ಮುಗ್ಗಲು. ಕೆಟ್ಟ ಬಿರಡೆಯ ವಾಸನೆ, ತೀರ ತೆಳ್ಳಗೆ. ಅಷ್ಟು ತೆಳುವಾಗಿದ್ದರೆ ವಾಸನೆ ಎದ್ದು ಬರುವುದಿಲ್ಲ, ಹಣ್ಣಿನ ರುಚಿಯನ್ನು ಮಾತ್ರ ನುಂಗಿಬಿಡುತ್ತದೆ. ಕಲಿಯುವವರಿಗೆ ನಾನೇ ಇದನ್ನು ಪಾಠ ಹೇಳಿಕೊಟ್ಟಿದ್ದೇನೆ.

ಫೆಬ್ರವರಿ 12, ಬುಧವಾರ

ಇಪ್ಪತ್ತೇಳರ ಎರಡನೆಯ ಬಾಟಲಿ ತೆಗೆಸಿದೆ.

ಬೇರೆಯೇ ವೈನು ಅನ್ನಿಸಿತು. ಗರ್ನಾಚಾ ದ್ರಾಕ್ಷಿ, ಮರದ ಪೀಪಾಯಿಯ ಸಹವಾಸವಿಲ್ಲ. ಬಣ್ಣ ತೆಳು. ಮೊದಲು ಹುಳಿ, ಜೊಲ್ಲೂರಿಸುವ ಹುಳಿ, ಆಮೇಲೆ ಹಣ್ಣು, ಕೊನೆಯಲ್ಲಿ ಒಗರು ನಾಲಿಗೆಯ ಅಂಚನ್ನು ಒಂದು ಸಲ ಹಿಡಿದು ಬಿಡುತ್ತದೆ. ಕೂತುಕೊಂಡೆ. ಉಗಿಯುವುದು ಮರೆತೆ. ಎಂಟು.

ಮನೆಯಲ್ಲಿ ಹೇಳಲಿಲ್ಲ.

ಫೆಬ್ರವರಿ 20, ಗುರುವಾರ

ಕೊನೆಯ ಸುತ್ತು. ಐದು ಬಾಟಲಿ, ಕಾಗದದಂಗಿ ಹಾಕಿಯೇ. ಯಜಮಾನರು, ನಾನು, ಬೀಗದಣ್ಣ. ಯಜಮಾನರು ಹದಿನಾಲ್ಕನೆಯದನ್ನು ಎತ್ತಿ ಹಿಡಿದರು. ಸಿಹಿ, ವೆನಿಲಾ, ಬಾಯಿ ತುಂಬ ದಪ್ಪ.

"ಇದು ನೋಡಿ. ಒಂದು ಗುಟುಕಿಗೆ ಗಿರಾಕಿ ಬಿದ್ದ."

"ಒಂದು ಗುಟುಕಿಗೆ ಬೀಳ್ತಾನೆ. ಎರಡನೇ ಲೋಟಕ್ಕೆ ಎದ್ದು ಹೋಗ್ತಾನೆ."

"ನಿಮ್ಮ ಇಪ್ಪತ್ತೇಳು ಬಡಕಲು ಮೇಡಂ. ಹುಳಿ."

"ಊಟದ ಜೊತೆ ನೋಡಿ."

"ಜನ ಊಟದ ಜೊತೆ ಕುಡೀತಾರೆ ಅಂತ ಯಾರು ಹೇಳಿದ್ರು?"

"ನೀವೇ ಹೇಳಿದ್ದು. ಭಾನುವಾರದ ಊಟಕ್ಕೆ ಅಂತ."

ಬೀಗದಣ್ಣ ಕೆಮ್ಮಿದ. ವಾದ ಮಾಡುವ ಶಕ್ತಿ ನನಗೂ ಇರಲಿಲ್ಲ. ಎರಡೂ ಬಾಟಲಿಯನ್ನು ಸಿಬ್ಬಂದಿ ಊಟ ಮಾಡುವ ಮೇಜಿನ ಮೇಲೆ ಇಟ್ಟು ಬಂದೆ. ಒಂದೂವರೆ ಗಂಟೆಗೆ ಯಜಮಾನರೇ ಹೋಗಿ ನೋಡಿದರು. ಹದಿನಾಲ್ಕು ಅರ್ಧ ಉಳಿದಿತ್ತು. ಇಪ್ಪತ್ತೇಳನ್ನು ಲಾರಿ ಚಾಲಕ ತಲೆಕೆಳಗು ಮಾಡಿ ಕೊನೆಯ ಹನಿ ಇಳಿಸಿಕೊಳ್ಳುತ್ತಿದ್ದ.

"ಆಯ್ತು. ಹೆಸರು ನಿಮ್ಮದು, ಹೊಣೆಯೂ ನಿಮ್ಮದು," ಅಂದರು. ಇಪ್ಪತ್ತೇಳರ ನಾಲ್ಕನೆಯ ಬಾಟಲಿ ಬಿಚ್ಚದೆ ಬೀಗದಣ್ಣನ ಕಪಾಟು ಸೇರಿತು. ಮಾಲು ಬಂದಾಗ ತಾಳೆ ನೋಡಲು.

ಸಂಜೆ ಅವನ ಅಮ್ಮನಿಗೆ ಹೇಳಿದೆ. ಹೇಳದೆ ಇರುವುದು ಸಣ್ಣತನ ಅನ್ನಿಸಿತು. "ನೀವು ಮುಗ್ಗಲು ಅಂದ್ರಲ್ಲ, ಅದೇ ಗೆದ್ದಿದ್ದು. ಇನ್ನೊಂದು ಬಾಟಲಿ."

"ಅಂದ್ರೆ ನಾನು ಬೈದಿದ್ದು ಬಾಟಲಿಗೆ, ಒಳಗಿದ್ದೋನಿಗಲ್ಲ," ಅಂದು ಟೀವಿಯ ಸದ್ದು ಇಳಿಸಿದರು. "ಕೂತ್ಕೋ. ಕಾಲು ಮೇಲಿಟ್ಕೋ. ಮುಖ ನೋಡಿದ್ರೆ ಹಿಂಡಿ ಹಾಕಿದ ಬಟ್ಟೆ ಥರ ಇದೆ."

ಕೂತೆ. ಕಾರ್ಯಕ್ರಮ ಏನಿತ್ತು ಅಂತ ಈಗ ಕೇಳಿದರೆ ಗೊತ್ತಿಲ್ಲ.

ಮಾರ್ಚ್ 3, ಸೋಮವಾರ

ಹಿಂದಿನ ಚೀಟಿಗೆ ನಾಲ್ಕು ಸಾಲು ಬೇಕು. ಬರೆದೆ: 'ಮಾಗಿದ ಕಪ್ಪು ಚೆರ್ರಿಯ ಪರಿಮಳ, ರೇಷ್ಮೆಯಂಥ ಸ್ಪರ್ಶ, ವೆನಿಲಾದ ಸುಳಿವು.' ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡುತ್ತಿದ್ದೆ.

ಅತ್ತೆ ಅವರೆಕಾಯಿ ಸುಲಿಯುತ್ತಾ ಕೇಳಿದರು, "ಇದಕ್ಕೆ ಚೆರ್ರಿ ಹಾಕ್ತಾರಾ?"

"ಇಲ್ಲ. ಆ ಥರ ಅನ್ನಿಸುತ್ತೆ ಅಂತ."

"ನಿನಗೆ ಅನ್ನಿಸ್ತಾ?"

ಯೋಚಿಸಿದೆ. ಇಲ್ಲ, ಅನ್ನಿಸಿರಲಿಲ್ಲ. ವೆನಿಲಾ ಬರುವುದು ಮರದ ಪೀಪಾಯಿಯಿಂದ, ಅದು ಮರ ಕಂಡ ವೈನೇ ಅಲ್ಲ.

"ಮತ್ತೆ ಯಾಕೆ ಸುಳ್ಳು ಬರೀತೀಯಾ? ದುಡ್ಡು ಕೊಟ್ಟು ತಗೊಂಡೋನು ಮನೇಲಿ ಕೂತು ಚೆರ್ರಿ ಹುಡುಕ್ತಾನೆ. ಸಿಗದಿದ್ರೆ ತನ್ನ ನಾಲಿಗೇನೇ ಸರಿ ಇಲ್ಲ ಅನ್ಕೋತಾನೆ, ಪಾಪ."

ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಜನ ನಾನು ಬರೆದದ್ದು ಓದಿ ಹಾಗೆ ಅಂದುಕೊಂಡಿರಬಹುದು! ಎಲ್ಲ ಹರಿದು ಬರೆದೆ: 'ಹುಳಿ ಮುಂದೆ, ಒಗರು ಹಿಂದೆ. ತಂಪಾದ ಜಾಗದಲ್ಲಿಡಿ. ಊಟದ ಜೊತೆ ಕುಡಿಯಿರಿ. ಉಳಿದರೆ ನಾಳೆಗೂ ಚೆನ್ನಾಗಿರುತ್ತದೆ.'

ಯಜಮಾನರು ಓದಿ ತಲೆ ಕೆರೆದುಕೊಂಡರು. "ಔಷಧಿ ಸೀಸೆ ಮೇಲೆ ಬರೆದ ಹಾಗಿದೆ," ಅಂದರು. ಆದರೂ ಒಪ್ಪಿದರು.

ಮಾರ್ಚ್ 18, ಮಂಗಳವಾರ

ಶೀತ. ಮೂಗು ಕಟ್ಟಿದೆ, ಕೆಲಸವಿಲ್ಲ. ಮೂಗಿಲ್ಲದ ನಾನು ಅಂದರೆ ಕಣ್ಣಿಲ್ಲದ ದರ್ಜಿ. ಮನೆಯಲ್ಲಿ ಬಿದ್ದುಕೊಂಡಿದ್ದೆ. ಅತ್ತೆ ಗೋಡೆ ಹಿಡಿದು ಹಿಡಿದು ಮೂರು ಸಲ ಬಂದು ಹಣೆ ಮುಟ್ಟಿ ಹೋದರು. ಕೋಲು ಯಾಕೆ ತರಲಿಲ್ಲ ಅಂದರೆ, "ಒಂದು ಕೈಲಿ ಕೋಲು, ಒಂದು ಕೈಲಿ ಬಿಸಿನೀರು, ಗೋಡೆ ಹಿಡಿಯೋಕೆ ಮೂರನೇ ಕೈ ನೀನು ಕೊಡ್ತೀಯಾ?"

ಚೆಲ್ಲಿದ ನೀರನ್ನು ಆಮೇಲೆ ಒರೆಸಿದೆ.

ಏಪ್ರಿಲ್ 6, ಭಾನುವಾರ

ಅವನು ಬಂದಿದ್ದ. ಏನೇನು ಒಯ್ಯಬೇಕು, ಕಾರಿನಲ್ಲಿ ಹಿಡಿಯುತ್ತದೋ ನೋಡಲು. ಅಮ್ಮನ ಮಂಚ ಬೇಡವಂತೆ, ಅಲ್ಲಿ ಹೊಸದಿದೆ. ಆರಾಮ ಕುರ್ಚಿ ಬೇಡ. ಟೀವಿ ಬೇಡ, ಅಲ್ಲಿ ಗೋಡೆಯಗಲದ್ದಿದೆ. ಪಟ್ಟಿ ಮಾಡುತ್ತಾ ಮಾಡುತ್ತಾ ಕೊನೆಗೆ ಉಳಿದದ್ದು ಎರಡು ಚೀಲ.

ಹೋಗುವಾಗ ಬಾಗಿಲಲ್ಲಿ ನಿಂತು ಅಂದ, "ನಿಂಗೂ ಬಿಡುಗಡೆ. ಇಷ್ಟು ದಿನ ನೋಡ್ಕೊಂಡಿದ್ದಕ್ಕೆ ಹೇಗೆ ಋಣ ತೀರಿಸ್ಬೇಕೋ ಗೊತ್ತಿಲ್ಲ." ಕೆಟ್ಟವನಲ್ಲ ಅವನು. ಎಂದೂ ಆಗಿರಲಿಲ್ಲ. ಅದೇ ಒಂದು ಆಯಾಸ. ಕೆಟ್ಟವನಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ಅತ್ತೆ, ಅವನು ಕಾರು ತಿರುಗಿಸುವವರೆಗೆ ಕಿಟಕಿಯಲ್ಲಿ ನಿಂತಿದ್ದರು. ಆಮೇಲೆ, "ಕೋಣೆಗೆ ಕಿಟಕಿ ಯಾವ ಕಡೆ ಅಂತ ಕೇಳೋದೇ ಮರೆತೆ," ಅಂದರು.

ಬೆನ್ನು ನೋಯುತ್ತಿದೆ. ಇನ್ನು ಮೂರು ವಾರ.

ಏಪ್ರಿಲ್ 14, ಸೋಮವಾರ

ಮಾಲು ಬಂತು. ಆರುನೂರು ಪೆಟ್ಟಿಗೆ. ನನ್ನ ಹೆಸರು ಆರುನೂರು ಪೆಟ್ಟಿಗೆ ತುಂಬ! ಬೀಗದಣ್ಣ ಒಂದು ಬಾಟಲಿ ತೆಗೆದು ಹಿಂದಿನ ಚೀಟಿ ಬೆಳಕಿಗೆ ಹಿಡಿದು, ನನ್ನ ಸಹಿಯನ್ನು ಉಗ್ರಾಣದ ಎಲ್ಲರಿಗೂ ಕೇಳುವಂತೆ ಅಕ್ಷರಕ್ಷರ ಓದಿದ. ನಾಚಿಕೆಯಾಯಿತು. ಹಿತವೂ ಆಯಿತು, ಯಾಕೆ ಸುಳ್ಳು.

ಬಿರಡೆ ತೆಗೆದೆವು. ಬಾಯಿಗೆ ಹಾಕಿಕೊಂಡೆ. ಹುಳಿ ಇದೆ. ಒಗರು ಇದೆ. ನಡುವೆ ಏನೂ ಇಲ್ಲ. ಎರಡು ಗೋಡೆ ನಿಂತಿವೆ, ಸೂರಿಲ್ಲ.

ಇನ್ನೊಂದು ಪೆಟ್ಟಿಗೆಯಿಂದ, ಮತ್ತೊಂದರಿಂದ. ಎಲ್ಲ ಹಾಗೆಯೇ.

"ಹಡಗಲ್ಲಿ ಕುಲುಕಿ ಬಂದಿದೆ ಮೇಡಂ. ಒಂದು ವಾರ ಸುಮ್ಮನೆ ಬಿಡಿ, ಸುಧಾರಿಸಿಕೊಳ್ಳುತ್ತೆ," ಅಂದರು ಯಜಮಾನರು. ಆ ಮಾತು ಸುಳ್ಳಲ್ಲ, ಪ್ರಯಾಣದ ಸುಸ್ತು ವೈನಿಗೂ ಇರುತ್ತದೆ. ವಾರ ಬಿಡೋಣ. ಸುಸ್ತಾದದ್ದು ನನ್ನ ನಾಲಿಗೆಯೂ ಇರಬಹುದು.

ಏಪ್ರಿಲ್ 22, ಮಂಗಳವಾರ

ನನ್ನನ್ನು ನಾನೇ ನಂಬಲಿಲ್ಲ. ಅದಕ್ಕೇ ಮೂರು ಲೋಟದ ಪರೀಕ್ಷೆ ಮಾಡಿಸಿದೆ. ಕಪಾಟಿನಲ್ಲಿದ್ದ ಹಳೆಯ ನಾಲ್ಕನೆಯ ಬಾಟಲಿ ತೆಗೆದೆವು. ಎರಡು ಲೋಟದಲ್ಲಿ ಒಂದೇ ವೈನು, ಮೂರನೆಯದರಲ್ಲಿ ಇನ್ನೊಂದು, ಯಾವುದರಲ್ಲಿ ಯಾವುದು ಅಂತ ಬೀಗದಣ್ಣನಿಗೆ ಮಾತ್ರ ಗೊತ್ತು. ಬೇರೆಯದು ಯಾವುದೆಂದು ಹೇಳಬೇಕು, ಅಷ್ಟೆ. ನಾಲ್ಕು ಸಲ ಮಾಡಿದೆವು. ನಾನು ನಾಲ್ಕೂ ಸಲ ಹಿಡಿದೆ.

ಯಜಮಾನರೂ ಮಾಡಿದರು. ಅವರೂ ನಾಲ್ಕೂ ಸಲ ಹಿಡಿದರು. ಕೊನೆಯ ಲೋಟ ಕೆಳಗಿಟ್ಟರು.

"ಕೆಟ್ಟದ್ದೇನಲ್ಲ," ಅಂದರು.

"ಅಲ್ಲ."

"ಯಾರಿಗೂ ಹೊಟ್ಟೆ ಕೆಡಲ್ಲ."

"ಕೆಡಲ್ಲ. ಆದರೆ ಇದು ನಾನು ಆರಿಸಿದ್ದಲ್ಲ."

"ಚೀಟಿ ಅಂಟಿಸಿ ಆಗಿದೆ. ಶನಿವಾರ ಒಂಬತ್ತೂ ಅಂಗಡೀಲಿ ಬಾಗಿಲಿಗೇ ಜೋಡಿಸ್ತಿದ್ದೀವಿ. ಮಾದರಿ ಕುಡಿದೋರು ಇಡೀ ಊರಲ್ಲಿ ಬೆರಳೆಣಿಕೆಯಷ್ಟು ಜನ. ತಾಳೆ ನೋಡೋಕೆ ಯಾರ ಹತ್ರ ಏನಿದೆ?" ಮಾಲು ಮಾದರಿಯಂತೆಯೇ ಇದೆ ಅನ್ನುವ ಒಪ್ಪಿಗೆ ಪತ್ರವನ್ನು ನನ್ನ ಕಡೆ ತಳ್ಳಿದರು. "ಶುಕ್ರವಾರ ಬೆಳಿಗ್ಗೆಯೊಳಗೆ ಸಹಿ ಹಾಕಿ. ನನಗೂ ಸಾಕಾಗಿದೆ ಮೇಡಂ."

ಅವರನ್ನು ನೋಡಿದರೆ ಹೌದು, ಸಾಕಾಗಿತ್ತು. ಪತ್ರ ಚೀಲದಲ್ಲಿ ಹಾಕಿಕೊಂಡು ಬಂದೆ. ಬಸ್ಸಿನಲ್ಲಿ ಕೂತು ಸಹಿ ಹಾಕಿಬಿಡೋಣ ಅಂದುಕೊಂಡೆ. ಪೆನ್ನು ಸಿಗಲಿಲ್ಲ.

ಏಪ್ರಿಲ್ 24, ಗುರುವಾರ

ಸಂಜೆ ಅತ್ತೆ ಬಟ್ಟೆ ಮಡಚಿ ಚೀಲಕ್ಕೆ ಹಾಕುತ್ತಿದ್ದರು. ಕೂತಲ್ಲಿಂದ ಕೈಗೆಟುಕದ್ದನ್ನು ನಾನು ತೆಗೆದು ಕೊಡುತ್ತಿದ್ದೆ. ಮೇಜಿನ ಮೇಲಿದ್ದ ಪತ್ರ ನೋಡಿ ಏನಿದು ಅಂದರು. ಹೇಳಿದೆ.

"ಮಾದರಿ ಒಂದು, ಮಾಲು ಒಂದು," ಅಂದರು. ಆಶ್ಚರ್ಯವೇನೂ ಇರಲಿಲ್ಲ ಅವರಿಗೆ. "ಸಹಿ ಹಾಕ್ತೀಯಾ?"

"ಹಾಕಿ ಮುಗಿಸೋಣ ಅನ್ನಿಸ್ತಿದೆ. ಜಗಳ ಆಡೋಕೆ ಆಗಲ್ಲ. ಯಾರೂ ಸಾಯಲ್ಲ ಇದರಿಂದ."

ಒಂದು ಶಾಲನ್ನು ಬಿಡಿಸಿ ಮತ್ತೆ ಮಡಚಿದರು. "ನಾನೂ ಒಂದು ಸಲ ಹಾಕಿದ್ದೆ. ಆಸ್ಪತ್ರೆ ಬಾಗಿಲಿಗೆ ಬೇಳೆ ಬಂದಿತ್ತು. ತೋರಿಸಿದ್ದು ಒಂದು, ಇಳಿಸ್ತಿರೋದು ಒಂದು. ಹಳೇದು, ಎಷ್ಟು ಬೇಯಿಸಿದ್ರೂ ಬೇಯದ್ದು. ವಾಪಸ್ ಕಳಿಸ್ಬೇಕಿತ್ತು. ನಿನ್ನ ಗಂಡ ಆಗ ಮೂರು ವರ್ಷದೋನು, ಜ್ವರ, ಮೂರು ದಿನದಿಂದ ನಂಗೆ ನಿದ್ದೆ ಇಲ್ಲ. ಜಗಳ ಆಡೋಕೆ ತ್ರಾಣ ಇರ್ಲಿಲ್ಲ. ಹಾಕ್ಬಿಟ್ಟೆ."

"ಏನಾಯ್ತು?"

"ಏನೂ ಆಗ್ಲಿಲ್ಲ. ಯಾರಿಗೂ ಹೊಟ್ಟೆನೋವು ಬರ್ಲಿಲ್ಲ. ಯಾರೂ ಒಂದು ಮಾತು ಕೇಳ್ಲಿಲ್ಲ."

"ಮತ್ತೆ?"

"ಮುಂದಿನ ತಿಂಗಳಿಂದ ಬೇಳೆಯೋನು ಮಾದರಿ ತರೋದೇ ಬಿಟ್ಟ. 'ಹೇಗೂ ನೀವು ಹಾಕ್ತೀರಲ್ಲಮ್ಮ' ಅಂದ." ಶಾಲನ್ನು ಚೀಲಕ್ಕೆ ತುರುಕಿದರು. "ಅವನ ದಾರಿ ಸರಿ ಮಾಡೋಕೆ ನಂಗೆ ಎರಡು ವರ್ಷ ಹಿಡೀತು ಕಣೇ. ಒಂದು ಜಗಳ ಉಳಿಸೋಕೆ ಹೋಗಿ ಇನ್ನೂರು ಜಗಳ ಆಡಿದೆ."

ಹಾಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಚೀಲದ ಜಿಪ್ಪು ಅರ್ಧಕ್ಕೆ ನಿಂತಿತ್ತು. ಇಬ್ಬರೂ ಸೇರಿ ಎಳೆದೆವು.

ಏಪ್ರಿಲ್ 25, ಶುಕ್ರವಾರ

ಸಹಿ ಹಾಕಲಿಲ್ಲ. ಖಾಲಿ ಪತ್ರವನ್ನು ಯಜಮಾನರ ಮೇಜಿನ ಮೇಲಿಟ್ಟೆ. ಮಾತು ಸಿದ್ಧ ಮಾಡಿಕೊಂಡು ಹೋಗಿದ್ದೆ, ಬಾಯಿಗೆ ಬಂದದ್ದು ಒಂದೇ. "ಬೇಕಾದರೆ ಮಾರಿ. ನನ್ನ ಹೆಸರಲ್ಲಿ ಬೇಡ."

ಅವರು ಕೂಗಾಡಿದರು. ಹತ್ತೊಂಬತ್ತು ವರ್ಷದಲ್ಲಿ ಅವರು ಕೂಗಿದ್ದು ಕೇಳಿದ್ದು ಇದು ಎರಡನೆಯ ಸಲ. ನಿಮಗೆ ನಾಲಿಗೆ ಒಂದೇ ಗೊತ್ತು, ವ್ಯಾಪಾರ ಗೊತ್ತಿಲ್ಲ ಅಂದರು. ನಿಜ, ಗೊತ್ತಿಲ್ಲ. ನಿಮ್ಮನ್ನು ನಂಬಿ ಕೆಟ್ಟೆ ಅಂದರು. ನಾನು ನಿಂತೇ ಇದ್ದೆ. ಮೇಜಿನ ಅಂಚು ಹಿಡಿದುಕೊಂಡಿದ್ದೆ. ಕೆಲಸ ಹೋಯಿತು ಅಂತಲೇ ಎಣಿಸಿದ್ದೆ.

ಕೂಗಿ ಮುಗಿದ ಮೇಲೆ ನೀರು ಕುಡಿದರು. "ಮಾರಿದೋನಿಗೆ ಏನಂತ ಬರೀಲಿ?"

"ಮೂರು ಲೋಟದ ಪರೀಕ್ಷೆ ಬರೀರಿ. ನೀವೂ ಹಿಡಿದ್ರಿ ಅಂತ ಬರೀರಿ."

ಮಧ್ಯಾಹ್ನದ ಹೊತ್ತಿಗೆ ತೀರ್ಮಾನವಾಯಿತು. ಮಾಲು ವಾಪಸ್ ಹೋಗುವುದಿಲ್ಲ, ಹಡಗಿನ ಖರ್ಚು ತಡೆಯುವುದಿಲ್ಲ. ನನ್ನ ಹೆಸರು, ಸಹಿ, ನಾಲ್ಕು ಸಾಲು ಇರುವ ಜಾಗಕ್ಕೆ ಬಿಳಿ ಚೀಟಿ ಅಂಟಿಸಿ 'ಸಾದಾ ಕೆಂಪು' ಅಂತ ಒಳಗಿನ ಸಾಲಿನಲ್ಲಿ ಮಾರುವುದು. ಬಾಗಿಲಿಗೆ ಜೋಡಿಸುವುದಿಲ್ಲ. ಮುಂದಿನ ಮಾಲು ಹಡಗು ಹತ್ತುವ ಮುಂಚೆ ನಾನೇ ಹೋಗಿ ನೋಡಬೇಕಂತೆ. ಅಂದರೆ ಕೆಲಸ ಇದೆ.

ಏಪ್ರಿಲ್ 26, ಶನಿವಾರ

ಬೆಳಿಗ್ಗೆ ಎಂಟರಿಂದ ಬಿಳಿ ಚೀಟಿ ಅಂಟಿಸಿದೆವು. ಏಳು ಸಾವಿರ ಚಿಲ್ಲರೆ ಬಾಟಲಿ, ಉಗ್ರಾಣದ ಐದು ಜನ, ಆರನೆಯವಳು ನಾನು. ನನ್ನ ಹೆಸರನ್ನು ನಾನೇ ಮುಚ್ಚಬೇಕು, ಇನ್ನೊಬ್ಬರಿಗೆ ಯಾಕೆ ಆ ಕೆಲಸ?

ಮೊದಲ ನೂರಕ್ಕೆ ಕಣ್ಣು ಉರಿಯಿತು. ಆಮೇಲೆ ಅದೂ ಇಲ್ಲ, ಬೆರಳು ಮಾತ್ರ. ಬೀಗದಣ್ಣ ಒಂದು ಬಾಟಲಿಗೆ ಚೀಟಿ ಅಂಟಿಸದೆ ಪಕ್ಕಕ್ಕಿಟ್ಟ. "ಇದು ನಂಗಿರಲಿ ಅಕ್ಕಾ."

"ಚೆನ್ನಾಗಿಲ್ಲ ಕಣಪ್ಪ ಅದು."

"ಕುಡಿಯೋಕಲ್ಲ."

ಸಂಜೆ ನಾಲ್ಕಕ್ಕೆ ಎರಡು ಸಾವಿರ ಉಳಿದಿತ್ತು. ಸೋಮವಾರಕ್ಕೆ.

ದಾರಿಯಲ್ಲಿ ಮಾಂಸ ತಂದೆ. ನಾಳೆ ಅತ್ತೆ ಹೋಗುವ ದಿನ, ಒಂದು ಒಳ್ಳೆಯ ಊಟ ಆಗಲಿ ಅಂತ. ಅವರು ಎರಡು ಚೀಲವನ್ನೂ ಬಾಗಿಲ ಬಳಿ ತಂದಿಟ್ಟಿದ್ದರು. ಹೇಗೆ ತಂದರೋ, ಕಾಲಿನಿಂದ ತಳ್ಳಿಕೊಂಡೇ ಬಂದಿರಬೇಕು. ಕೋಣೆಯೊಳಗೆ ಇಣುಕಿದೆ. ಹಾಸಿಗೆ ಝಾಡಿಸಿ ಹೊದಿಕೆ ಮಡಚಿ ಇಟ್ಟಿದ್ದರು, ತಂಗಿದ್ದ ಅತಿಥಿ ಹೊರಟ ಹಾಗೆ. ಒಳಗೆ ಹೋಗಲಿಲ್ಲ.

ಏಪ್ರಿಲ್ 27, ಭಾನುವಾರ

ಅವನು ಹನ್ನೊಂದಕ್ಕೆ ಬಂದ. ಚೀಲ ಎರಡನ್ನೂ ಎತ್ತಿಕೊಂಡು ಇಳಿದು ಕಾರಿಗೆ ಹಾಕಿ ಬಂದ. ಅತ್ತೆ ಚಪ್ಪಲಿ ಹಾಕಿಕೊಂಡರು. ಎಡಗಾಲಿನದನ್ನು ನಾನು ಬಗ್ಗಿ ಹಾಕಿದೆ, ಸೊಂಟ ಮುರಿದಾಗಿನಿಂದ ಆ ಕಾಲು ಅವರಿಗೆ ಎಟುಕುವುದಿಲ್ಲ. ಪಟ್ಟಿ ಬಿಗಿಯುತ್ತಾ ಅಲ್ಲೇ ಕೂತುಬಿಟ್ಟೆ. ಏಳಲು ಆಗಲಿಲ್ಲ.

"ಏನಾಯ್ತೇ?"

"ಹೋಗಬೇಡಿ ಅತ್ತೆ."

ನಾನು ಅಂದದ್ದು ನನಗೇ ಆಮೇಲೆ ಕೇಳಿಸಿತು. ಅವನು ನನ್ನನ್ನು ಬಿಟ್ಟು ಹೋಗುವಾಗ ಈ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಬಾರದಿದ್ದದ್ದೇ ಒಳ್ಳೆಯದಾಯಿತು, ಅದು ಬೇರೆ ಮಾತು.

ಅತ್ತೆ ನನ್ನ ನೆತ್ತಿಯನ್ನೇ ನೋಡುತ್ತಾ ಕೂತಿರಬೇಕು. ನಾನು ತಲೆಯೆತ್ತಲಿಲ್ಲ. "ಇದನ್ನ ಗುರುವಾರ ಹೇಳಿದ್ದಿದ್ರೆ ಬಟ್ಟೆ ಮಡಚೋ ಕೆಲಸ ತಪ್ತಿತ್ತು," ಅಂದರು.

ಅವನಿಗೆ ಗಾಬರಿ. "ಅಮ್ಮ, ಕೋಣೆ ಸಿದ್ಧ ಮಾಡಿದ್ದೀನಿ. ಬಣ್ಣ ಹೊಡೆಸಿದ್ದೀನಿ, ಬಚ್ಚಲಿಗೆ ಹಿಡಿಕೆ ಹಾಕ್ಸಿದ್ದೀನಿ."

"ಗೊತ್ತು ಕಣಪ್ಪ. ಬಂದು ನಾಲ್ಕು ದಿನ ಇರ್ತೀನಿ. ಬಿಸಿಲು ಕಡಿಮೆಯಾಗ್ಲಿ. ಹಿಡಿಕೆ ಓಡಿ ಹೋಗಲ್ಲ."

"ನಾಲ್ಕು ದಿನಕ್ಕಲ್ಲಮ್ಮ. ನಾನು ನಿನ್ನ ಮಗ. ಇವಳಿಗ್ಯಾಕೆ ಈ ಭಾರ? ಇವಳು ನಿಂಗೆ ಏನಾಗ್ಬೇಕು ಈಗ?" ನನ್ನ ಕಡೆ ನೋಡಲಿಲ್ಲ ಅವನು. ದನಿ ಒರಟಾಗಿರಲಿಲ್ಲ, ಸೋತಿತ್ತು. "ಕಾಗದದ ಮೇಲೆ ಏನೂ ಅಲ್ಲ."

"ಆ ಕಾಗದಕ್ಕೆ ಸಹಿ ಹಾಕಿದ್ದು ನೀನು, ಅವಳು," ಅಂದರು ಅತ್ತೆ. ಕೋಲನ್ನು ಗೋಡೆಗೆ ಒರಗಿಸಿದರು. "ನನ್ನನ್ನ ಯಾರು ಕೇಳಿದ್ರು? ನಾನೆಲ್ಲೂ ಸಹಿ ಹಾಕಿಲ್ಲ."

ಅವನು ಗೋಡೆಗೆ ಒರಗಿದ್ದ ಕೋಲು ನೋಡಿದ. ಆಮೇಲೆ ಕೆಳಗೆ ಹೋಗಿ ಒಂದೊಂದಾಗಿ ಎರಡೂ ಚೀಲ ಹೊತ್ತು ತಂದ. ಎರಡನೆಯದನ್ನು ತರುವಾಗ ಮೆಟ್ಟಿಲಲ್ಲಿ ನಿಂತು ಕಣ್ಣು ಒರೆಸಿಕೊಂಡದ್ದು ಕಿಟಕಿಯಿಂದ ನನಗೆ ಕಂಡಿತು. ಅತ್ತೆಗೆ ಹೇಳಿಲ್ಲ.

ಮಾಂಸ ಬೆಂದಿತ್ತು. ಮೇಜು ಒರೆಸಿ ಮೂರು ತಟ್ಟೆ ಹಾಕಿದೆ. ಅವನೂ ಕೂತ.